ಜಿನಮತಮ್ಮನ ಕೆಂಪು ನಂಬರು

ಹಳೇಬೀಡಿನ ಬಸ್ತಿಹಳ್ಳಿಯ ಜಿನಮತಮ್ಮನಿಗೆ ಯಾರೇ ಫೋನ್ ಮಾಡಿದರೂ ಆಕೆ ಮೊದಲು "ಜೈ ಜಿನೇಂದ್ರ" ಅನ್ನುತ್ತಾಳೆ. ಆಮೇಲೆ "ಎಷ್ಟು ಜನ ಬತ್ತೀರಿ?" ಎಂದು ಕೇಳುತ್ತಾಳೆ. ಅದರ ಬೆನ್ನಿಗೇ "ಹೊತ್ತು ಮುಳುಗೋದ್ರೊಳಗೆ ಬಂದ್ಬಿಡಿ, ತಡ ಮಾಡ್ಬ್ಯಾಡಿ" ಎಂಬ ಎಚ್ಚರಿಕೆ. ಇಷ್ಟೂ ಮುಗಿಯುವ ತನಕ ಆ ಕಡೆಯವರಿಗೆ ಬಾಯಿ ಬಿಡಲು ಸಂದು ಸಿಗುವುದಿಲ್ಲ. ಆ ಕಡೆ ಇರುವವರು ಯಾತ್ರಿಕರಾದರೆ ಸರಿಯೇ. ಕ್ರೆಡಿಟ್ ಕಾರ್ಡು ಬೇಕೇ ಎಂದು ಕೇಳಲು ಕೂತಿರುವ ಹುಡುಗಿಯಾದರೆ, ಪಾಪ, ಬಾಯಿಪಾಠ ಮಾಡಿದ್ದೆಲ್ಲ ಅವಳಿಗೆ ಮರೆತೇ ಹೋಗುತ್ತದೆ.

ಬಸದಿ ನೋಡಲು ಬರುವ ಜೈನ ಯಾತ್ರಿಕರಿಗೆ ಇರುವುದು ಊಟದ್ದೇ ಚಿಂತೆ. ಈರುಳ್ಳಿ ಬೆಳ್ಳುಳ್ಳಿ ಆಗದು, ಆಲೂಗಡ್ಡೆ ಆಗದು, ಹೊತ್ತು ಮುಳುಗಿದ ಮೇಲೆ ಕೆಲವರಿಗೆ ಒಂದು ಗುಟುಕು ನೀರೂ ಆಗದು. ಅಂಥವರಿಗೆಂದು ಜಿನಮತಮ್ಮ ತನ್ನ ಮನೆಯ ಪಡಸಾಲೆಯಲ್ಲಿ ಎಲೆ ಹಾಕುತ್ತ ಬಂದು ಎಷ್ಟೋ ವರ್ಷವಾಗಿತ್ತು. ದುಡ್ಡಿನ ಮಾತೆತ್ತಿದರೆ ಬಸದಿಯ ಹುಂಡಿ ತೋರಿಸುತ್ತಿದ್ದಳು. ಗಂಡ ನೇಮಿನಾಥ ಕೊಬ್ಬರಿ ವ್ಯಾಪಾರಿ, ಅರ್ಧ ವಾರ ಅರಸೀಕೆರೆಯ ಮಾರ್ಕೆಟ್ಟಿನಲ್ಲೇ ಇರುತ್ತಿದ್ದ. ಮಗಳು ಬ್ರಾಹ್ಮಿ ಜಾವಗಲ್ಲಿನ ಶಾಲೆಯಲ್ಲಿ ಮೇಡಂ, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಅಮ್ಮನ ನಂಬರನ್ನು ಇಂಟರ್‌ನೆಟ್ಟಿನ ಮ್ಯಾಪಿನಲ್ಲಿ 'ಜೈನರ ಊಟ, ಮನೆ ಅಡುಗೆ' ಎಂದು ಹಾಕಿದವಳು ಅವಳೇ. ಹಾಕಿದ ಮೇಲೆ ಯಾತ್ರಿಕರು ಹೆಚ್ಚಾದರು. ಅವರ ಹಿಂದೆಯೇ ಲೋಕದ ಮಾರಾಟಗಾರರೆಲ್ಲ ಸಾಲುಗಟ್ಟಿ ಬಂದರು.

ಬೆಂಗಳೂರಿನ ಆಚೆ ಎಲ್ಲೋ ಸೈಟು ಮಾರುವವನು ಕರೆ ಮಾಡಿದಾಗ ಜಿನಮತಮ್ಮ "ಅಲ್ಲಿ ಬಾವಿ ಐತೇನಪ್ಪ?" ಎಂದು ವಿಚಾರಿಸಿದಳು. ಇಲ್ಲವೆಂದ. "ಬಾವಿ ಇಲ್ದಿದ್ ಮೇಲೆ ಮಡಿ ನೀರಿಗೇನ್ ಮಾಡ್ತಾರೆ ಜನ?" ಎಂದು ಅವನನ್ನೇ ಕೇಳಿದಳು. ಅವನು ಮತ್ತೆ ಕರೆ ಮಾಡಲಿಲ್ಲ. ಬ್ಯಾಂಕಿನಿಂದ ಎಂದು ಹೇಳಿಕೊಂಡು, ಮೊಬೈಲಿಗೆ ಬಂದ ಅಂಕಿ ಓದಿ ಹೇಳಿ ಎಂದವನಿಗೆ, "ಎಷ್ಟು ಎಲೆ ಹಾಕ್ಬೇಕು ಅನ್ನೋ ಅಂಕಿ ಬಿಟ್ರೆ ಬ್ಯಾರೆ ಅಂಕಿ ನಾನು ಫೋನ್ನಲ್ಲಿ ಮಾತಾಡಲ್ಲ ಕಣಪ್ಪ" ಅಂದಳು. ರೆಕಾರ್ಡು ಮಾಡಿದ ದನಿ ಬಂದರೆ ಅದು ಮುಗಿಯುವ ತನಕ ಕಿವಿಗೊಟ್ಟು, ಕೊನೆಯಲ್ಲಿ "ಆಗ್ಲಮ್ಮ" ಎಂದು ಹೇಳಿಯೇ ಫೋನ್ ಇಡುತ್ತಿದ್ದಳು.

ನೇಮಿನಾಥನಿಗೆ ಇದನ್ನು ನೋಡಿ ನೋಡಿ ರೇಗುತ್ತಿತ್ತು. "ಗೊತ್ತಿಲ್ದಿರೋ ನಂಬರೆಲ್ಲ ಯಾಕೆ ಎತ್ತೀಯ? ಬ್ರಾಹ್ಮಿಗೆ ಹೇಳಿ ಬ್ಲಾಕ್ ಮಾಡಿಸು. ಮನೇಲಿ ಒಂದು ಗಳಿಗೆ ನೆಮ್ಮದಿ ಬ್ಯಾಡ್ವಾ?"

"ಗೊತ್ತಿರೋರು ನಮ್ಮನೆಗೆ ಊಟಕ್ಕೆ ಯಾಕ್ ಬತ್ತಾರ್ರೀ? ಗೊತ್ತಿಲ್ದೋರೇ ಅಲ್ವಾ ಬರೋದು?" ಎಂದು ಜಿನಮತಮ್ಮ ಅವನ ಬಾಯಿ ಮುಚ್ಚಿಸುತ್ತಿದ್ದಳು.

ಅದರಲ್ಲೂ ಮಿಸ್ಡ್ ಕಾಲ್ ಕಂಡರೆ ಆಕೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಿಂದೊಮ್ಮೆ ಕೊಲ್ಲಾಪುರದ ಕಡೆಯ ಯಾತ್ರಿಕರು ದಾರಿಯಿಂದ ಕರೆ ಮಾಡಿದ್ದರು. ಈಕೆ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದಳು, ಕೇಳಿಸಲಿಲ್ಲ. ಅಡುಗೆ ಇರಲಿಕ್ಕಿಲ್ಲ ಎಂದು ದಾರಿಯಲ್ಲಿ ತಡಮಾಡಿ ಅವರು ಬಂದಿಳಿದಾಗ ಹೊತ್ತು ಮುಳುಗಿಹೋಗಿತ್ತು. ಹಿಂದಿನ ದಿನವೂ ಉಪವಾಸವಿದ್ದ ಒಬ್ಬ ಮುದುಕರು ಇವಳ ಪಡಸಾಲೆಯಲ್ಲೇ ಬರೀ ಹೊಟ್ಟೆಯಲ್ಲಿ ಮಲಗಿದರು. ಜಿನಮತಮ್ಮ ಅದನ್ನು ಮರೆಯಲಿಲ್ಲ. ಅಂದಿನಿಂದ ಯಾವ ಮಿಸ್ಡ್ ಕಾಲ್ ಬಂದಿದ್ದರೂ ತಾನೇ ತಿರುಗಿ ಮಾಡುವಳು. ಎತ್ತದಿದ್ದರೆ ಮತ್ತೆ ಮಾಡುವಳು, ಎತ್ತುವ ತನಕ ಬಿಡಳು. ಎಲ್ಲೋ ಗದಗಿನಲ್ಲಿದ್ದ ಯಾರೋ ಪುಣ್ಯಾತ್ಮ ಎತ್ತಿ, "ನಾ ನಿಮಗ ಫೋನೇ ಮಾಡಿಲ್ಲಲ್ರೀ" ಅಂದರೆ, "ಹೋಗ್ಲಿ ಬಿಡಿ, ಊಟ ಆಯ್ತಾ?" ಎಂದು ಕೇಳಿ ಇಡುವಳು.

ಹೀಗೆ ನಡೆದಿತ್ತು ಸಂಸಾರ. ಅವರೆಕಾಯಿಯ ಸೊಗಡು ಊರೆಲ್ಲ ಹರಡಿದ್ದ ಒಂದು ಚಳಿಗಾಲದ ಮಧ್ಯಾಹ್ನ, ಧರ್ಮಸ್ಥಳ ನೋಡಿಕೊಂಡು ಬಂದ ಕುಟುಂಬವೊಂದು ಊಟಕ್ಕೆ ಕೂತಿತ್ತು. ಅವರಲ್ಲೊಬ್ಬ ಹೆಂಗಸು ಮಜ್ಜಿಗೆ ಹಾಕಿಸಿಕೊಳ್ಳುತ್ತ, ಘಟ್ಟದ ದಾರಿಯಲ್ಲಿ ದೀಕ್ಷೆ ಪಡೆದ ಜೈನ ಮಾತಾಜಿಗಳ ಸಂಘವೊಂದು ನಡೆದು ಬರುತ್ತಿದ್ದುದನ್ನು ಕಂಡೆವು, ಬೇಲೂರಿನ ಕಡೆಗಂತೆ ಅವರ ವಿಹಾರ, ಅಂದಳು. ದೊಡ್ಡ ಮಾತಾಜಿಯ ಹೆಸರು ನಿರ್ಮೋಹಮತಿಯೋ ಏನೋ ಅಂದಳು. ಜಿನಮತಮ್ಮನ ಕೈಯಲ್ಲಿದ್ದ ಸೌಟಿನಿಂದ ಮಜ್ಜಿಗೆ ಎಲೆ ದಾಟಿ ನೆಲಕ್ಕೆ ಚೆಲ್ಲಿತು.

ನಿರ್ಮೋಹಮತಿ ಮಾತಾಜಿ ಎಂದರೆ ಆಕೆಯ ಅಕ್ಕ, ಸುನಂದಕ್ಕ.

ಅವ್ವ ತೀರಿಕೊಂಡಾಗ ಜಿನಮತಮ್ಮ ಇನ್ನೂ ಎರಡು ಜಡೆಯ ಹುಡುಗಿ. ಸುನಂದಕ್ಕ ಅವಳಿಗಿಂತ ಬಹಳ ದೊಡ್ಡವಳು. ಬಂದ ಗಂಡುಗಳನ್ನೆಲ್ಲ ಬೇಡವೆಂದು ಕಳಿಸಿ ತಂಗಿಯನ್ನು ಸಾಕಿದಳು. ತಲೆ ಬಾಚಿ, ಶಾಲೆಗೆ ಅಟ್ಟಿ, ಜ್ವರ ಬಂದರೆ ಪಕ್ಕದಲ್ಲಿ ಕೂತು ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟು ಬೆಳೆಸಿದಳು. ತಂಗಿಯ ಮದುವೆ ಮಾಡಿ, ಬ್ರಾಹ್ಮಿ ಹುಟ್ಟಿದ ಮೇಲೆ ಬಾಣಂತನವನ್ನೂ ಮುಗಿಸಿ, ಒಂದು ದಿನ "ನನ್ ಕೆಲಸ ಆಯ್ತು ಕಣೇ" ಅಂದಳು. ಆರು ತಿಂಗಳೊಳಗೆ ದೀಕ್ಷೆ ಆಯಿತು. ದೀಕ್ಷೆಯ ದಿನ ಮಂಟಪದಲ್ಲಿ ಬಿಳಿ ಸೀರೆಯುಟ್ಟು ಕೂತ ಅಕ್ಕ ಸೇರಿದ್ದ ಜನವನ್ನೆಲ್ಲ ಒಮ್ಮೆ ನೋಡಿದರು. ಆ ನೋಟ ಎಲ್ಲರ ಮೇಲೆ ನಿಂತಷ್ಟೇ ಹೊತ್ತು ಜಿನಮತಮ್ಮನ ಮೇಲೂ ನಿಂತು ಮುಂದಕ್ಕೆ ಹೋಯಿತು. ಅದು ಧರ್ಮ, ಹಾಗೆಯೇ ಇರಬೇಕು ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಎಷ್ಟೋ ವರ್ಷ ಒಲೆಯ ಮುಂದೆ ಕೂತಾಗ ಆ ನೋಟ ನೆನಪಾಗಿ ಕಣ್ಣು ತುಂಬುತ್ತಿತ್ತು. ಆಮೇಲೆ ಮಾತಾಜಿಯವರು ಉತ್ತರದ ಕಡೆಗೆ ನಡೆದರು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಈ ಕಡೆ ಬಂದವರಲ್ಲ.

ಸಾಕಿದ ಆ ಕೈಗಳಿಗೆ ಒಂದು ಸಲ ಆಹಾರ ಕೊಡಬೇಕು. ಇದೊಂದೇ ಆಸೆ ಜಿನಮತಮ್ಮನದು. ಆರ್ಯಿಕೆಯರು, ಅಂದರೆ ಈ ಮಾತಾಜಿಗಳು, ಊಟಕ್ಕೆ ತಟ್ಟೆ ಹಿಡಿಯುವುದಿಲ್ಲ, ಜೋಡಿಸಿದ ಅಂಗೈಯೇ ಅವರ ತಟ್ಟೆ. ದಿನಕ್ಕೆ ಒಂದು ಸಲ, ಯಾವುದಾದರೂ ಶ್ರಾವಕರ, ಎಂದರೆ ಜೈನ ಗೃಹಸ್ಥರ, ಮನೆಯಲ್ಲಿ, ಮಡಿಯಲ್ಲಿ ಬೇಯಿಸಿದ್ದನ್ನು ಇಕ್ಕಿದಷ್ಟು ಸ್ವೀಕರಿಸಿ ಎದ್ದುಬಿಡುತ್ತಾರೆ. ಸಂಘ ಬೇಲೂರಿನಿಂದ ಹಳೇಬೀಡಿಗೆ ತಿರುಗಿದರೆ ಜಿನಮತಮ್ಮನಿಗೆ ಆ ಭಾಗ್ಯ. ನೇರ ಹಾಸನದ ರಸ್ತೆ ಹಿಡಿದರೆ ಮುಗಿಯಿತು. ಅಕ್ಕನಿಗೂ ಎಪ್ಪತ್ತು ದಾಟಿತ್ತು, ಇನ್ನೊಮ್ಮೆ ಈ ಕಡೆ ನಡೆದು ಬರುವ ಮಾತೆಲ್ಲಿ?

ಊಟಕ್ಕೆ ಬಂದವರು ಸಂಘದ ಜೊತೆ ಜೀಪಿನಲ್ಲಿ ಸಾಮಾನು ಸಾಗಿಸುವ ಇಂದ್ರೇಶ ಎಂಬ ತುಮಕೂರಿನ ಹುಡುಗನ ನಂಬರು ಕೊಟ್ಟು ಹೋದರು. ಎಲ್ಲಿ ತಂಗುವುದು, ಯಾವ ಊರಲ್ಲಿ ಶ್ರಾವಕರಿದ್ದಾರೆ ಎಂದು ವಿಚಾರಿಸಿ ಮಾತಾಜಿಯವರಿಗೆ ಅರಿಕೆ ಮಾಡುವವನು ಅವನೇ. ಅವರ ಗಾಡಿ ತಿರುವು ದಾಟುವ ಮೊದಲೇ ಜಿನಮತಮ್ಮ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಸಂಜೆ ಮಾಡಿದಳು, ಎತ್ತಲಿಲ್ಲ. ಮಾರನೆಯ ದಿನ ಬೆಳಿಗ್ಗೆ, ಮಧ್ಯಾಹ್ನ, ಹೊತ್ತು ಕಂತುವಾಗ ಮಾಡಿದಳು. ಮೊದಮೊದಲು ರಿಂಗಾಗಿ ಆಗಿ ನಿಲ್ಲುತ್ತಿತ್ತು. ಆಮೇಲೆ ಅರ್ಧ ರಿಂಗಿಗೇ ಆ ಕಡೆಯಿಂದ ಕತ್ತರಿಸಿದಂತಾಯಿತು. ಕೊನೆಗೆ ರಿಂಗೇ ಆಗದೆ ಕುಂಯ್ ಎಂದು ಸುಮ್ಮನಾಯಿತು.

ಜಿನಮತಮ್ಮ ಫೋನನ್ನು ಗೂಡಿನಲ್ಲಿಟ್ಟು ಬಂದು ಗಂಡನ ಪಕ್ಕದಲ್ಲಿ ಕೂತಳು.

"ಅಕ್ಕನೇ ಬ್ಯಾಡ ಅಂದಿರ್ಬೇಕು ಕಣ್ರೀ" ಅಂದಳು.

"ಅವ್ರು ಯಾಕೆ ಹಂಗಂತಾರೆ? ಆ ಹುಡ್ಗ ಎಲ್ಲೋ ಗಾಡಿ ಓಡಿಸ್ತಿದ್ದಾನು. ನನ್ ಫೋನಲ್ಲಿ ಮಾಡು, ತಗೋ."

"ಬ್ಯಾಡ. ಹೆತ್ತೋರು ಒಡಹುಟ್ಟಿದೋರು ಅನ್ನೋ ಮೋಹ ಬಿಟ್ಟು ಹೋದೋರು ಅವ್ರು. ನಮ್ಮನೆ ನಂಬರ್ ಅಂತ ತಿಳಿದೇ ಎತ್ಬ್ಯಾಡ ಅಂದಿರ್ತಾರೆ. ಬ್ಯಾರೆ ಫೋನಿಂದ ಮಾಡಿ ಮೋಸದಿಂದ ಕರೆಯೋದಾ? ಅವ್ರು ಬಿಟ್ಟಿದ್ದನ್ನ ನಾವು ಹಿಂದಿನಿಂದ ಜಗ್ಗಬಾರ್ದು."

ಆಕೆಯ ಯೋಚನೆಯಲ್ಲಿ ತಪ್ಪೂ ಇರಲಿಲ್ಲ. ಸನ್ಯಾಸ ತೆಗೆದುಕೊಂಡವರ ಮನೆಯವರು ಇನ್ನೇನು ಯೋಚಿಸಬೇಕು? ನೇಮಿನಾಥ ಕೊಬ್ಬರಿ ಲೋಡಿನ ವಿಷಯ ಎತ್ತಿ ಮಾತು ಬೇರೆ ಕಡೆ ತಿರುಗಿಸಲು ನೋಡಿದ. ಆಕೆ ಕೇಳಿಸಿಕೊಳ್ಳದೆ ಎದ್ದು ಒಳಗೆ ಹೋದಳು. ಮಾರನೆಯ ದಿನ ಬೆಳಿಗ್ಗೆ ಬ್ರಾಹ್ಮಿ ಬಸ್ಸಿಗೆ ಹೊರಟಾಗ ಮಾತ್ರ, ಮನಸ್ಸು ತಡೆಯದೆ, ಜಾವಗಲ್ ಸಂತೆಯಲ್ಲಿ ಒಳ್ಳೆ ರಸಬಾಳೆ ಸಿಕ್ಕರೆ ಒಂದು ಚಿಪ್ಪು ತಾ ಅಂದಿದ್ದಳು. ಅವಳು ಹೋದ ಮೇಲೆ ಅದೂ ಯಾಕೆ ಬೇಕು ಅನ್ನಿಸಿತು.

ಜಾವಗಲ್ಲಿನ ಶಾಲೆಯಲ್ಲಿ ಆಗ ಮಕ್ಕಳ ಬಿಸಿಯೂಟ ಮುಗಿದಿತ್ತು. ಬ್ರಾಹ್ಮಿ ತನ್ನ ಜೊತೆಯ ಟೀಚರ್ ಆಶಾರಾಣಿಯ ಪಕ್ಕದಲ್ಲಿ ಕೂತು ಡಬ್ಬಿ ತೆಗೆಯುತ್ತಿದ್ದಳು. ಆಶಾರಾಣಿಯ ಫೋನು ಗುರ್ರೆಂದಿತು. ಆಕೆ ನೋಡಿ, "ಥೂ, ಇವರದ್ದೊಂದು ಕಾಟ" ಎಂದು ಕತ್ತರಿಸಿದಳು. ಮತ್ತೆ ಬಂತು, ಮತ್ತೆ ಕತ್ತರಿಸಿದಳು. ಮೂರನೆಯ ಸಲ ಬಂದಾಗ ಫೋನನ್ನು ಬ್ರಾಹ್ಮಿಯ ಕಡೆ ತಿರುಗಿಸಿ, "ನೋಡ್ರೀ, ಎಷ್ಟು ಗಟ್ಟಿ ಜೀವಗಳು ಇವು. ಎಷ್ಟು ಸಲ ಕಟ್ ಮಾಡಿದ್ರೂ ಬಿಡಲ್ಲ" ಅಂದಳು.

ಪರದೆ ಪೂರ್ತಿ ಕೆಂಪಗಾಗಿತ್ತು. ಮೇಲೆ 'ಸ್ಪ್ಯಾಮ್' ಎಂದಿತ್ತು. ಕೆಳಗೆ 'ಊಟ ಆಂಟಿ ಹಳೇಬೀಡು', ಅದರ ಕೆಳಗೆ ಸಾವಿರಕ್ಕೂ ಹೆಚ್ಚು ಮಂದಿ ದೂರಿದ್ದಾರೆ ಎಂದಿತ್ತು. ಅದರ ಕೆಳಗಿದ್ದ ನಂಬರನ್ನು ಬ್ರಾಹ್ಮಿ ಎರಡು ಸಲ ಓದಿದಳು.

"ಮೇಡಂ, ಇದು ನಮ್ಮಮ್ಮ" ಅಂದಳು.

ಆಶಾರಾಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಬ್ರಾಹ್ಮಿಯ ಫೋನಿನ ಚಾರ್ಜು ಬೆಳಿಗ್ಗೆಯೇ ಮುಗಿದಿತ್ತು. ಮಗಳು ಸಿಗದೆ, ಗೂಡಿನ ಪಕ್ಕದ ಗೋಡೆಯ ಮೇಲೆ ಬರೆದಿಟ್ಟಿದ್ದ ಆಶಾರಾಣಿಯ ನಂಬರಿಗೆ ಅಮ್ಮ ಹಚ್ಚಿದ್ದಳು. ಆಶಾರಾಣಿ ಕೂಡಲೇ ಎತ್ತಿ ಕೊಟ್ಟಳು.

"ಬಾಳೆಹಣ್ಣು ತರ್ಬ್ಯಾಡ ಕಣವ್ವ" ಎಂದು ಹೇಳಲು ಅಮ್ಮ ಫೋನ್ ಮಾಡಿದ್ದಳು. ದನಿ ತೀರ ಸಣ್ಣಗಿತ್ತು.

ಆಮೇಲೆ ಆಶಾರಾಣಿ ತನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದಳು. ಯಾರ ಕರೆ ಎಂದು ತೋರಿಸುವ ಈ ಆ್ಯಪು ಹಾಕಿಕೊಂಡವರು ಬೇಡದ ಕರೆ ಬಂದರೆ ಒಂದು ಗುಂಡಿ ಒತ್ತುತ್ತಾರೆ. ಒತ್ತಿದವರು ಹೆಚ್ಚಾದಷ್ಟೂ ಆ ನಂಬರು ಎಲ್ಲರ ಫೋನಿನಲ್ಲೂ ಕೆಂಪಾಗುತ್ತದೆ. ಮಾರಾಟದವರು ಎಷ್ಟೋ ಸಲ ಬೇರೆಯವರ ನಂಬರನ್ನು ಮುಂದಿಟ್ಟುಕೊಂಡು ಕರೆ ಮಾಡುತ್ತಾರೆ, ಅದಕ್ಕೆ ತಿರುಗಿ ಮಾಡಿದರೆ ಏನೂ ಅರಿಯದ ಯಾರಿಗೋ ಹೋಗಿ ಮುಟ್ಟುತ್ತದೆ. ಬ್ರಾಹ್ಮಿಗೆ ಒಂದೊಂದೇ ಹೊಳೆಯಿತು. ಅಮ್ಮ ಎಷ್ಟು ವರ್ಷದಿಂದ ಎಷ್ಟು ಮಿಸ್ಡ್ ಕಾಲುಗಳಿಗೆ, ಎತ್ತುವ ತನಕ ಬಿಡದೆ, ತಿರುಗಿ ಮಾಡಿದ್ದಾಳೋ! ಊಟ ಆಯಿತಾ ಎಂದು ಅಮ್ಮ ಕೇಳಿದವರೆಲ್ಲ ಒಬ್ಬೊಬ್ಬರಾಗಿ ಗುಂಡಿ ಒತ್ತಿದ್ದರು. ಸಂಘದ ಆ ಇಂದ್ರೇಶನ ಫೋನಿನಲ್ಲೂ ಇದೇ ಕೆಂಪು ಕಂಡಿರಬೇಕು ಎಂಬುದು ಹೊಳೆದಾಗ ಅವಳು ಡಬ್ಬಿ ಮುಚ್ಚಿಬಿಟ್ಟಳು.

ಆಶಾರಾಣಿಯ ಚಾರ್ಜರಿಗೆ ಫೋನು ಚುಚ್ಚಿ, ಮೊದಲು ಆ ಕೆಟ್ಟ ಹೆಸರು ಅಳಿಸೋಣವೆಂದು ಕೂತಳು. ಆ್ಯಪಿನವರು ಮೊದಲು ತಮ್ಮ ಆ್ಯಪನ್ನೇ ಹಾಕಿಕೊಳ್ಳಿ ಅಂದರು. ಹಾಕಿಕೊಂಡ ಮೇಲೆ ನಿಮ್ಮ ಫೋನಿನಲ್ಲಿರುವ ಎಲ್ಲರ ಹೆಸರು ನಂಬರು ನಮಗೆ ಒಪ್ಪಿಸಿ ಅಂದರು. ಇ-ಮೇಲ್ ಕೇಳಿದರು. ಓಟಿಪಿ ಅಮ್ಮನ ಫೋನಿಗೆ ಹೋಯಿತು. ಅಮ್ಮನಿಗೆ ಕರೆ ಮಾಡಿ ಕೇಳಿದರೆ, ಅಂಕಿ ಫೋನಿನಲ್ಲಿ ಹೇಳಬಾರದು ಎಂದು ನೀನೇ ಕಲಿಸಿದ್ದಲ್ಲವೇ ಎಂದು ಆಕೆ ಹೇಳಲೊಲ್ಲಳು. ಪುಸಲಾಯಿಸಿ ಹೇಳಿಸಿಕೊಳ್ಳುವಷ್ಟರಲ್ಲಿ ಅದರ ಗಡುವು ಮೀರಿತ್ತು. ಮತ್ತೆ ತರಿಸಿ ಹಾಕಿದ ಮೇಲೆ, ನಿಮ್ಮ ಕೋರಿಕೆಯನ್ನು ಪರಿಶೀಲಿಸುತ್ತೇವೆ, ಕಾಯಿರಿ, ಬೇಗ ಆಗಬೇಕಿದ್ದರೆ ತಿಂಗಳ ಚಂದಾ ಕಟ್ಟಿರಿ ಎಂದು ಬಂತು. ಇದಕ್ಕೆ ಏನು ಹೇಳುವುದು! ಒಬ್ಬ ಹೆಂಗಸಿನ ಹೆಸರು ಕೆಡಿಸಲು ಯಾರನ್ನೂ ಒಂದು ಮಾತು ಕೇಳದವರು, ಅದನ್ನು ಅಳಿಸಲು ಮಾತ್ರ ಅವಳ ನೆಂಟರಿಷ್ಟರ ಪಟ್ಟಿಯನ್ನೆಲ್ಲ ಕೇಳುತ್ತಾರೆ. ಬ್ರಾಹ್ಮಿ ಅದನ್ನು ಅಲ್ಲಿಗೇ ಬಿಟ್ಟು, ತನ್ನ ನಂಬರಿನಿಂದ ಇಂದ್ರೇಶನಿಗೆ ಹಚ್ಚಿದಳು. ಅವನು ಮೊದಲ ರಿಂಗಿಗೇ ಎತ್ತಿದ.

ಅವಳು ಎಲ್ಲವನ್ನೂ ಹೇಳಿದಳು. "ಅಯ್ಯೋ ಅಕ್ಕ, ಸೈಟ್ ಮಾರೋರು ಅಂದ್ಕೊಂಡೆ. ಅಷ್ಟು ಸಲ ಮಾಡಿದ್ರಲ್ಲ, ಸಿಟ್ಟು ಬಂದು ಬ್ಲಾಕ್ ಮಾಡ್ಬಿಟ್ಟೆ. ತಪ್ಪಾಯ್ತು" ಅಂದ.

"ಸಂಘ ಈಗ ಎಲ್ಲಿದೆ?"

"ಬೇಲೂರಲ್ಲೇ ಇದ್ದೀವಿ. ಇವತ್ತು ಸಂಜೆ ಹಾಸನದ ರೋಡಲ್ಲಿ ಹೊರಡೋದು ಅಂತ ಆಗಿದೆ." ಆಮೇಲೆ ದನಿ ತಗ್ಗಿಸಿ ಅಂದ, "ಅಕ್ಕ, ಇಲ್ಲಿಗೆ ಬಂದ ದಿನಾನೇ ಮಾತಾಜಿ ಕೇಳಿದ್ರು. ಬಸ್ತಿಹಳ್ಳಿ ಕಡೆಯಿಂದ ಶ್ರಾವಕರು ಯಾರಾದ್ರೂ ಫೋನ್ ಮಾಡಿದ್ರಾ ಅಂತ. ಯಾರೂ ಮಾಡಿಲ್ಲ ಮಾತಾಜಿ ಅಂದೆ."

"ಈಗಲಾದ್ರೂ ಅವ್ರಿಗೆ ಹೇಳಪ್ಪ" ಅಂದಳು ಬ್ರಾಹ್ಮಿ.

"ಈಗ್ಲೇ ಹೋಗಿ ಹೇಳ್ತೀನಿ. ಆದ್ರೆ ಅವ್ರು ಬರ್ತೀನಿ ಅಂತ ಮಾತು ಕೊಡಲ್ಲ ಅಕ್ಕ, ನಿಮಗೇ ಗೊತ್ತಲ್ಲ. ನೀವು ಮಡಿ ಅಡುಗೆಗೆ ಸಿದ್ಧ ಮಾಡ್ಕೊಂಡಿರಿ. ಮಾತಾಜಿ ಉಪ್ಪು ಬಿಟ್ಟಿದ್ದಾರೆ, ಬೆಲ್ಲ ಸಕ್ಕರೆ ಬಿಟ್ಟಿದ್ದಾರೆ. ನೋಡ್ಕೊಳ್ಳಿ."

ಬ್ರಾಹ್ಮಿ ಅರ್ಧ ದಿನದ ರಜೆ ಬರೆದುಕೊಟ್ಟು, ರಸಬಾಳೆಯ ಚಿಪ್ಪು ಕೊಂಡು ಬಸ್ಸು ಹತ್ತಿದಳು. ಮನೆಗೆ ಬಂದು ಅಮ್ಮನನ್ನು ಕೂರಿಸಿ ಎಲ್ಲವನ್ನೂ ಹೇಳಿದಳು.

"ಸ್ಪ್ಯಾಮ್ ಅಂದ್ರೇನೇ?" ಎಂದು ಜಿನಮತಮ್ಮ ಕೇಳಿದಳು.

"ಫೋನ್ ಮಾಡಿ ಮಾಡಿ ಕಾಟ ಕೊಡೋರು ಅಮ್ಮ."

"ನಾನಾ?" ಎಂದು ಆಕೆ ಗಂಡನ ಮುಖ ನೋಡಿದಳು. ನೇಮಿನಾಥ ನಕ್ಕುಬಿಟ್ಟ. ನಕ್ಕದ್ದಕ್ಕೆ ತಾನೇ ನಾಚಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಉಂಡ್ರಾ ಅಂತ ಕೇಳಿದ್ರೆ ಕಾಟ ಆಯ್ತದಾ?" ಎಂದು ಜಿನಮತಮ್ಮ ತನ್ನಷ್ಟಕ್ಕೇ ಅಂದುಕೊಂಡಳು. ಆಕೆಗೆ ನಿಜವಾಗಿಯೂ ನೋವಾಗಿತ್ತು. ಆದರೆ ಆ ನೋವು ಬಹಳ ಹೊತ್ತು ನಿಲ್ಲಲಿಲ್ಲ. ಮಗಳು ಹೇಳಿದ ಇನ್ನೊಂದು ಮಾತು ಆಗಷ್ಟೇ ಒಳಗೆ ಇಳಿಯುತ್ತಿತ್ತು.

"ಅಕ್ಕ ಕೇಳಿದ್ರಾ? ಏನಂತ ಕೇಳಿದ್ರು, ಇನ್ನೊಂದ್ ಸಲ ಹೇಳು."

ಬ್ರಾಹ್ಮಿ ಇನ್ನೊಂದು ಸಲ ಹೇಳಿದಳು. ಆಕೆ ಮತ್ತೊಂದು ಸಲ ಹೇಳಿಸಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದವಳು ಕೂರಲೇ ಇಲ್ಲ. ಅಡುಗೆಮನೆ ತೊಳೆದಳು. ಅಕ್ಕಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಕಾಳು ಆರಿಸಿದಳು. ನೇಮಿನಾಥನನ್ನು ಕಾಯಿ ರಾಶಿಯ ಮುಂದೆ ಕೂರಿಸಿ, ಅಲ್ಲಾಡಿಸಿ ನೋಡಿ ನೀರು ತುಂಬಿದ ಬಲಿತ ಕಾಯಿಯನ್ನೇ ತೆಗೆಯಿರಿ ಎಂದಳು. ಉಪ್ಪಿಲ್ಲ, ಸಿಹಿಯಿಲ್ಲ, ಏನು ಮಾಡಿ ಹಾಕುವುದು? ಚಿಕ್ಕವಳಿದ್ದಾಗ ಅಕ್ಕ ಒರಳಿನಲ್ಲಿ ಒತ್ತಿ ಕಾಯಿಹಾಲು ಹಾಕಿ ಕೊಡುತ್ತಿದ್ದ ಶಾವಿಗೆ ನೆನಪಾಯಿತು. ಬೆಲ್ಲ ಹಾಕದೆ ಕಾಯಿಹಾಲನ್ನೇ ದಪ್ಪಗೆ ಹಿಂಡಿದರಾಯಿತು, ಕಾಯಿಗೆ ತನ್ನದೇ ಒಂದು ಸಿಹಿ ಇರುತ್ತದಲ್ಲ, ಅದನ್ನು ಯಾರೂ ಬಿಟ್ಟಿಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಸಂಜೆ ಸಂಘ ಹೊರಟಿತು ಎಂದಷ್ಟೇ ಇಂದ್ರೇಶ ಬ್ರಾಹ್ಮಿಗೆ ತಿಳಿಸಿದ. ಯಾವ ರಸ್ತೆ ಎಂದು ಅವನಿಗೂ ಆಗ ಗೊತ್ತಿರಲಿಲ್ಲ, ಮಾತಾಜಿಯವರು ನಡೆದ ಕಡೆ ಅವನ ಜೀಪು. ಬೆಳಗಾದ ಮೇಲೆ ಮತ್ತೆ ಕರೆ ಮಾಡಿದ. ದಾರಿಯಲ್ಲೊಂದು ಶಾಲೆಯಲ್ಲಿ ತಂಗಿ, ಬೆಳಕು ಹರಿಯುತ್ತಲೇ ಹಳೇಬೀಡಿನ ಕಡೆ ತಿರುಗಿದ್ದಾರೆ ಅಂದ. ಜಿನಮತಮ್ಮ ಅಷ್ಟು ಹೊತ್ತಿಗಾಗಲೇ ಮಿಂದು, ಬಾವಿಯಿಂದ ಸೇದಿ ಬಟ್ಟೆಯಲ್ಲಿ ಸೋಸಿದ ನೀರನ್ನು ಕಾಯಿಸಿಟ್ಟು, ಒಲೆಯ ಮುಂದೆ ಕೂತಿದ್ದಳು.

ಮಾತಾಜಿಗಳು ಬಸದಿಯಲ್ಲಿ ದರ್ಶನ ಮುಗಿಸಿ ಆಹಾರಕ್ಕೆ ಹೊರಟರು. ಬಸ್ತಿಹಳ್ಳಿಯ ಜೈನರ ನಾಲ್ಕೈದು ಮನೆಗಳ ಬಾಗಿಲಲ್ಲೂ ಶ್ರಾವಕರು ಕಲಶ, ತೆಂಗಿನಕಾಯಿ ಹಿಡಿದು ನಿಂತಿದ್ದರು. ಇಂಥದ್ದು ಕಂಡ ಮನೆಯಲ್ಲಿ ಮಾತ್ರ ಕೈಯೊಡ್ಡುವುದು ಎಂದು ಮಾತಾಜಿಗಳು ದಿನವೂ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡು ಬರುತ್ತಾರೆ. ಅದನ್ನು ಯಾರಿಗೂ ಹೇಳುವುದಿಲ್ಲ. ಅದು ಕಾಣದಿದ್ದರೆ ಆ ದಿನ ಉಪವಾಸ. ಹಾಗಾಗಿ ತಂಗಿಯ ಮನೆ ಎಂಬ ಕಾರಣಕ್ಕೆ ಅವರು ನಿಲ್ಲುವಂತಿರಲಿಲ್ಲ.

ಬಿಳಿ ಸೀರೆ, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು, ಬಲಗೈ ಹೆಗಲ ಮೇಲೆ. ಬೀದಿಯ ತುದಿಯಲ್ಲಿ ಕಂಡ ಆ ನಡಿಗೆಯನ್ನು ಜಿನಮತಮ್ಮ ಎಲ್ಲಿದ್ದರೂ ಗುರುತಿಸುತ್ತಿದ್ದಳು. ಅಕ್ಕ ಎಷ್ಟು ಸಣ್ಣಗಾಗಿದ್ದರು! ಬೆನ್ನು ಬಾಗಿತ್ತು, ಹಿಮ್ಮಡಿ ಒಡೆದು ಬಿರಿದಿತ್ತು. "ಮಾತಾಜಿ, ವಂದಾಮಿ, ವಂದಾಮಿ. ಅತ್ರ ಅತ್ರ, ತಿಷ್ಠ ತಿಷ್ಠ. ಆಹಾರ ಜಲ ಶುದ್ಧವಾಗಿದೆ" ಎಂದು ಆಕೆ ಕರೆದಳು. ಇಲ್ಲಿ ನಿಲ್ಲಿ, ಇಲ್ಲಿ ನಿಲ್ಲಿ ಎಂದು ಕರೆಯುವ ಮಾತು ಅದು. ಮಾತಾಜಿಯವರು ನಿಲ್ಲಲಿಲ್ಲ. ಬಾಗಿಲ ಮುಂದೆಯೇ ಹಾದು ಹೋದರು.

ಜಿನಮತಮ್ಮ ಕಲಶ ಹಿಡಿದು ಅಲ್ಲೇ ನಿಂತಿದ್ದಳು. ಅಷ್ಟರಲ್ಲಿ ಬಾವಿಯ ಬಳಿಯಿಂದ ನೇಮಿನಾಥ ಒದ್ದೆ ಧೋತ್ರದಲ್ಲೇ, ಬಾಳೆಹಣ್ಣಿನ ಚಿಪ್ಪು ಹಿಡಿದು ಓಡಿ ಬಂದು ಆಕೆಯ ಪಕ್ಕದಲ್ಲಿ ನಿಂತ. ಗಂಡ ಹೆಂಡತಿ ಇಬ್ಬರೂ ಕೂಡಿ ಮತ್ತೆ ಕರೆದರು. ಬೀದಿಯ ಕೊನೆ ಮುಟ್ಟಿ ಹಿಂದಿರುಗುತ್ತಿದ್ದ ಮಾತಾಜಿಯವರು ಇವರ ಬಾಗಿಲಿಗೆ ಬಂದಾಗ ತಲೆಯೆತ್ತಿ ನೋಡಿದರು. ನಿಂತರು. ಮನಸ್ಸಿನಲ್ಲಿಟ್ಟ ಗುರುತು ಕಂಡಿತೆಂದು ಹೆಗಲ ಮೇಲಿದ್ದ ಕೈ ಕೆಳಗಿಳಿಯಿತು.

ಮೂರು ಸುತ್ತು ಬಂದು, ಒಳಗೆ ಕರೆದು, ಪಾದ ತೊಳೆದು ಮಣೆಯ ಮೇಲೆ ಕೂರಿಸಿದರು. ಮಾತಾಜಿಯವರು ಎರಡು ಅಂಗೈ ಜೋಡಿಸಿ ಮುಂದೊಡ್ಡಿದರು. ಇನ್ನು ಅವರು ಮಾತಾಡುವಂತಿಲ್ಲ. ನೇಮಿನಾಥ ಹೆಂಡತಿಯ ಕಿವಿಯ ಹತ್ತಿರ ಬಾಗಿ, "ಅಳಬ್ಯಾಡ ಕಣೇ, ಅಂತರಾಯ ಆಯ್ತದೆ" ಅಂದ. ಆಕೆಗೂ ಅದು ಗೊತ್ತಿತ್ತು. ಆಹಾರದ ಹೊತ್ತಿನಲ್ಲಿ ಅನ್ನದಲ್ಲಿ ಒಂದು ಕೂದಲು ಸಿಕ್ಕಿದರೂ, ಯಾರಾದರೂ ಅಳುವ ದನಿ ಕಿವಿಗೆ ಬಿದ್ದರೂ, ಅವರು ಜೋಡಿಸಿದ ಕೈ ಬಿಡಿಸಿ ಎದ್ದುಬಿಡಬೇಕು. ಆಮೇಲೆ ನಾಳೆಯ ತನಕ ಅನ್ನವೂ ಇಲ್ಲ, ನೀರೂ ಇಲ್ಲ. ಚಳಿಯಲ್ಲಿ ಬರಿಗಾಲಲ್ಲಿ ಅಷ್ಟು ದೂರ ನಡೆದು ಬಂದ ಜೀವ ಅದು.

ಜಿನಮತಮ್ಮ ಮೊದಲು ನೀರು ಹಾಕಿದಳು. ಆಮೇಲೆ ಶಾವಿಗೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಆ ಅಂಗೈಗಿಟ್ಟಳು, ಮೇಲೆ ಕಾಯಿಹಾಲು ಹನಿಸಿದಳು. ಮಾತಾಜಿಯವರು ಪ್ರತಿ ತುತ್ತನ್ನೂ ಹೆಬ್ಬೆರಳಿನಿಂದ ಬಿಡಿಸಿ ನೋಡಿ ಬಾಯಿಗೆ ಹಾಕಿಕೊಂಡರು. ಜಿನಮತಮ್ಮ ಆ ಮುಖದ ಕಡೆ ನೋಡಲಿಲ್ಲ. ನೋಡಿದರೆ ತಡೆಯಲಾಗದೆಂದು ಕೈಗಳನ್ನಷ್ಟೇ ನೋಡಿದಳು. ನರ ಎದ್ದ, ಚರ್ಮ ಜೋತುಬಿದ್ದ ಆ ಕೈಗಳಿಂದಲೇ ತಾನು ಉಂಡು ದೊಡ್ಡವಳಾದದ್ದು. ಒಂದು ಸಲ ಅಳು ಬಂದೇಬಿಡುವಂತಾಯಿತು. ಹಿಂದೆ ನಿಂತಿದ್ದ ಬ್ರಾಹ್ಮಿ ಅಮ್ಮನ ಬೆನ್ನಿನ ಮೇಲೆ ಅಂಗೈ ಇಟ್ಟು ಒತ್ತಿದಳು. ಜಿನಮತಮ್ಮ ತುಟಿ ಕಚ್ಚಿ ಅದನ್ನು ನುಂಗಿದಳು, ಇನ್ನೊಂದು ತುತ್ತು ಇಟ್ಟಳು. ಬಾಳೆಹಣ್ಣು ಸುಲಿದು ಬಿಲ್ಲೆ ಮಾಡಿ ಇಟ್ಟಳು. ಮಾತಾಜಿಯವರು ಸಾಕು ಎಂದು ಕೈ ಬಿಡಿಸುವ ತನಕ ಆಕೆಯ ಕಣ್ಣಿನಿಂದ ಒಂದು ಹನಿ ಬೀಳಲಿಲ್ಲ, ಬಾಯಿಂದ ಒಂದು ಸದ್ದು ಬರಲಿಲ್ಲ.

ಮಾತಾಜಿಯವರು ಬಾಯಿ ಮುಕ್ಕಳಿಸಿ, ಕೈ ತೊಳೆದು, ಕಮಂಡಲುವಿಗೆ ಕಾಯಿಸಿದ ನೀರು ತುಂಬಿಸಿಕೊಂಡರು. ಎಲ್ಲರೂ ಬಾಗಿ ನಮಸ್ಕರಿಸಿದರು. ನೇಮಿನಾಥನಿಗೆ, ಬ್ರಾಹ್ಮಿಗೆ, ಬಾಗಿಲಲ್ಲಿ ನಿಂತ ಇಂದ್ರೇಶನಿಗೆ, ಜಿನಮತಮ್ಮನಿಗೆ, ಎಲ್ಲರಿಗೂ ಒಂದೇ ರೀತಿ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಹೊಸ್ತಿಲ ಹತ್ತಿರ ಬಂದವರು, ತಲೆ ಬಗ್ಗಿಸಿಕೊಂಡೇ ನಿಂತಿದ್ದ ಜಿನಮತಮ್ಮನ ಮುಂದೆ ಒಂದು ಗಳಿಗೆ ನಿಂತರು.

"ನಂದು ಆಯ್ತಲ್ಲ" ಅಂದರು ಮೆಲ್ಲಗೆ. "ಈಗ ಅಳು ಕಣೇ."